ಠಕ್ಕುರ ಫೇರುವಿನ ವಜ್ರಪರೀಕ್ಷೆ

ಪ್ರಾಕೃತವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಆಗಮ, ಕಥೆ, ಪುರಾಣಗಳೇ ನೆನಪಾಗುತ್ತವೆ. ಆ ಭಾಷೆಯಲ್ಲಿ ರತ್ನವ್ಯಾಪಾರದ ಶಾಸ್ತ್ರವೂ ಇತ್ತೆಂಬುದಕ್ಕೆ ಠಕ್ಕುರ ಫೇರುವಿನ ‘ರಯಣಪರಿಕ್ಖಾ’ ಸಾಕ್ಷಿ. ಶ್ರೀಮಾಲ ಕುಲದ ಈ ಜೈನ ಶ್ರಾವಕನು ದೆಹಲಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಅಧಿಕಾರಿಯಾಗಿದ್ದು, 1315ರಲ್ಲಿ ಮಗ ಹೇಮಪಾಲನಿಗಾಗಿ ಇದನ್ನು ರಚಿಸಿದನು.

ರತ್ನಶಾಸ್ತ್ರದ ಪ್ರಕಾರ ಉತ್ತಮ ವಜ್ರಕ್ಕೆ ಆರು ಕೋಟಿ, ಎಂಟು ಪಾರ್ಶ್ವ, ಹನ್ನೆರಡು ಧಾರೆ. ಇದು ಕವಿಸಮಯವಲ್ಲ; ಗಣಿಯಿಂದ ಬಂದ ಅಷ್ಟಮುಖಿ ಹರಳಿನ ಕರಾರುವಾಕ್ಕಾದ ಲೆಕ್ಕ. ಇಂದು ಕೊಳ್ಳುವವರು ಕ್ಯಾರಟ್ ತೂಕ, ಬಣ್ಣ, ನಿರ್ಮಲತೆಗಳೊಡನೆ ಕುಶಲಕರ್ಮಿಯ ಕಟ್ಟನ್ನು ನೋಡುತ್ತಾರೆ. ಅಂದು ನೋಡುತ್ತಿದ್ದುದು ನಿಸರ್ಗವೇ ಕೊಟ್ಟ ಆಕಾರವನ್ನು. ರೇಖೆ, ಬಿಂದು, ಕಾಕಪದವೆಂಬ ದೋಷಗಳು ಮಾತ್ರ ಬೇರೆ ಹೆಸರಿನಲ್ಲಿ ಇಂದಿಗೂ ಬೆಲೆ ಇಳಿಸುತ್ತವೆ.

ಆದರೆ ಶಾಸ್ತ್ರವೆಲ್ಲವೂ ಪ್ರಮಾಣವಲ್ಲ. ಉತ್ತಮ ವಜ್ರವು ನೀರಿನಲ್ಲಿ ತೇಲುವುದೆಂದು ವರಾಹಮಿಹಿರನಂಥವನೂ ಬರೆದಿದ್ದಾನೆ; ನೀರಿಗಿಂತ ಮೂರೂವರೆ ಪಟ್ಟು ಸಾಂದ್ರವಾದ ಹರಳು ತೇಲುವುದೆಂತು? ಆದ್ದರಿಂದಲೇ ಫೇರುವಿನ ಪೀಠಿಕೆಯ ಮಾತು ನನಗೆ ಮುಖ್ಯವೆನಿಸುತ್ತದೆ: ಅಗಸ್ತ್ಯ, ಬುದ್ಧಭಟ್ಟರ ಗ್ರಂಥಗಳನ್ನು ಓದಿದ್ದಲ್ಲದೆ, ಸುಲ್ತಾನನ ಭಂಡಾರದ ರತ್ನರಾಶಿಯನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ ಎನ್ನುತ್ತಾನೆ ಅವನು. ಮೂರು ವರ್ಷಗಳ ಬಳಿಕ ನಾಣ್ಯಗಳನ್ನು ಕುರಿತು ಬರೆದ ‘ದ್ರವ್ಯಪರೀಕ್ಷಾ’ಕ್ಕೂ ದೆಹಲಿಯ ಟಂಕಸಾಲೆಯ ಅನುಭವವೇ ಆಧಾರ.