ಎರಡು ಉದ್ಯಾನಗಳ ದಾರಿ

ಬೆಂಗಳೂರಿನ ಮಹೋದ್ಯಾನಗಳ ಮಾತು ಬಂದಾಗ ಅಲ್ಲಿನ ವೃಕ್ಷಗಳನ್ನೂ ಅವನ್ನು ದೂರದೇಶಗಳಿಂದ ತರಿಸಿ ನೆಟ್ಟ ಅಧಿಕಾರಿಗಳನ್ನೂ ಪ್ರಶಂಸಿಸುವುದು ವಾಡಿಕೆ. ಆ ವೃಕ್ಷಗಳ ನೆರಳಿಗೆ ಊರಿನ ಸಾಮಾನ್ಯ ಜನರು ಯಾವ ಮಾರ್ಗವಾಗಿ, ಯಾವ ಬಾಗಿಲಿನಿಂದ ಬಂದು ಸೇರುತ್ತಿದ್ದರೆಂಬುದನ್ನು ವಿಚಾರಿಸಿದವರು ವಿರಳ. ಲಾಲ್‌ಬಾಗು ಮತ್ತು ಕಬ್ಬನ್ ಪಾರ್ಕು ಒಂದೇ ನಗರದಲ್ಲಿದ್ದೂ ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಜಾತಕಗಳನ್ನು ಹೊತ್ತು ಹುಟ್ಟಿದವು.

1760ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪುವು ಬೆಳೆಸಿದ ಲಾಲ್‌ಬಾಗು, ಮೊದಲಿಗೆ ಸುಮಾರು 40 ಎಕರೆಗಳ ರಾಜೋದ್ಯಾನವಾಗಿ, ಕೋಟೆ ಪೇಟೆಗಳೆರಡರ ಹೊರಗೆ, ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಆ ಪುರಾತನ ಬಂಡೆಯ ಆಸುಪಾಸಿನಲ್ಲಿ ರೂಪುಗೊಂಡಿತು. ಅರಸನ ತೋಟಕ್ಕೆ ಪ್ರಜೆಗಳ ಕಾಲುದಾರಿಯ ಅಗತ್ಯವೇನು? 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಂಪನಿಯವರ ಕೈಯಿಂದ ಕೈಗೆ ದಾಟಿ, 1856ರಲ್ಲಿ ಸರಕಾರದ ಸಸ್ಯೋದ್ಯಾನವಾಗಿ ಸ್ಥಾಪಿತವಾದ ಮೇಲೆಯೇ ಅದು ಕ್ರಮಕ್ರಮವಾಗಿ ಲೋಕಕ್ಕೆ ತೆರೆದುಕೊಂಡಿತು. ಜನರನ್ನು ಗುಂಪುಗುಂಪಾಗಿ ಅಲ್ಲಿಗೆ ಸೆಳೆದುದು ಸಸ್ಯಶಾಸ್ತ್ರದ ಮೇಲಿನ ಪ್ರೀತಿಯಲ್ಲ, ಫಲಪುಷ್ಪ ಪ್ರದರ್ಶನ. 1889ರ ನವೆಂಬರಿನಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಡಿಗಲ್ಲನ್ನಿಟ್ಟ ಗಾಜಿನಮನೆಯು ಅಂತಹ ಪ್ರದರ್ಶನಗಳಿಗೆಂದೇ ಎದ್ದ ಕಟ್ಟಡ.

ಆದರೆ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಹೋಗಿಬರುವ ಜಾತ್ರೆಯೊಂದು ನಿತ್ಯದ ರೂಢಿಯಾಗಿ ಮಾರ್ಪಟ್ಟುದಕ್ಕೆ ಕಾರಣವಾದುದು, ವಿಚಿತ್ರವೆನಿಸಬಹುದು, ಒಂದು ಮಹಾಮಾರಿ. 1898ರ ಪ್ಲೇಗು ಪೇಟೆಯ ಸಂದುಗೊಂದಿಗಳಲ್ಲಿ ನುಗ್ಗಿ ಮನೆಮನೆಯನ್ನೂ ನಡುಗಿಸಿದಾಗ, ಗಾಳಿ ಬೆಳಕುಗಳಿಗೆ ಎಡೆಯಿರುವ ವಿಶಾಲವಾದ ಬೀದಿಗಳನ್ನುಳ್ಳ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಬೆಳೆದವು. ಬಸವನಗುಡಿಗೆ ಬಂದು ನೆಲೆಸಿದವರಿಗೆ ಲಾಲ್‌ಬಾಗಿನ ಪಶ್ಚಿಮದ ಬಾಗಿಲು ಕಾಲ್ನಡಿಗೆಯ ದೂರದಲ್ಲಿತ್ತು. ಪಂಚೆಯುಟ್ಟು, ಮಫ್ಲರನ್ನು ಸುತ್ತಿ, ಬೆತ್ತವನ್ನು ಹಿಡಿದು ಮುಂಬೆಳಗಿನಲ್ಲಿ ಹೊರಟ ನಿವೃತ್ತ ಗುಮಾಸ್ತರೂ ಉಪಾಧ್ಯಾಯರೂ ಬಂಡೆಯನ್ನೇರಿ, ಕೆರೆಯ ಏರಿಯನ್ನು ಬಳಸಿ, ರಾಜಕಾರಣದಿಂದ ವೇದಾಂತದವರೆಗಿನ ಸಕಲ ವಿಷಯಗಳನ್ನೂ ಇತ್ಯರ್ಥಪಡಿಸಿ, ಕೊನೆಗೆ ಮಾವಳ್ಳಿಯ ದೋಸೆಗೆ ಶರಣಾಗುವುದು ಒಂದು ಸಂಪ್ರದಾಯವೇ ಆಯಿತು. ಅಷ್ಟಾದ ಮೇಲೆ ವ್ಯಾಯಾಮದ ಫಲವೆಷ್ಟು ಉಳಿಯುತ್ತಿತ್ತೆಂದು ಕೇಳುವುದು ಸಭ್ಯತೆಯಲ್ಲ.

ಕಬ್ಬನ್ ಪಾರ್ಕಿನ ಕಥೆ ಬೇರೆ. ಪೇಟೆಯು ಒಂದು ಕಡೆ, 1809ರಲ್ಲಿ ನೆಲೆಗೊಂಡ ಬ್ರಿಟಿಷರ ದಂಡು ಮತ್ತೊಂದು ಕಡೆ; ಭಾಷೆ, ಉಡುಪು, ಆಡಳಿತಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತಿದ್ದ ಈ ಎರಡು ಊರುಗಳ ನಡುವಣ ಬಯಲಿನಲ್ಲಿ, ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿಯು 1870ರಲ್ಲಿ ಸುಮಾರು 100 ಎಕರೆಗಳ ಉದ್ಯಾನವನ್ನು ನಿರ್ಮಿಸಿದನು. ಮೊದಲು ಮೀಡ್ಸ್ ಪಾರ್ಕ್, ಅನಂತರ ಕಬ್ಬನ್ ಪಾರ್ಕ್, 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ. ಲಾಲ್‌ಬಾಗಿಗೆ ಗೋಡೆಯೂ ಬಾಗಿಲುಗಳೂ ಉಂಟು. ಇಲ್ಲಿ ರಸ್ತೆಗಳೇ ಉದ್ಯಾನದ ಅಂಗಗಳು. ದಂಡಿನ ದೊರೆಗಳೂ ದೊರೆಸಾನಿಯರೂ ಸಂಜೆಯ ತಂಪಿನಲ್ಲಿ ಸಾರೋಟುಗಳಲ್ಲಿ ಕುಳಿತು ವಿಹರಿಸಲೆಂದು ಬಳುಕಿ ಸಾಗುವಂತೆ ರಚಿತವಾದ ದಾರಿಗಳವು. ಉದ್ಯಾನದ ಅಂಚಿನ ಸರಕಾರೀ ಕಟ್ಟಡವಾದ ಅಠಾರಾ ಕಚೇರಿಯಿಂದ ಮನೆಗೆ ಮರಳುವ ಗುಮಾಸ್ತನು ಅದೇ ದಾರಿಯ ಅಂಚಿನಲ್ಲಿ, ಕುದುರೆಯ ಗೊರಸಿನ ಧೂಳನ್ನು ಸಹಿಸಿಕೊಂಡು ನಡೆದನು.

ಈ ತಾರತಮ್ಯವನ್ನು ಕೊಂಚ ಕಡಿಮೆ ಮಾಡಿದುದು ಸೈಕಲ್ಲು. ಗಂಟೆಯ ಲೆಕ್ಕದಲ್ಲಿ ಸೈಕಲ್ಲನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಬೀದಿಯ ಮೂಲೆಗಳಲ್ಲಿ ಕಾಣಿಸಿಕೊಂಡು, 1940ರಲ್ಲಿ ವಿಮಾನದ ಕಾರ್ಖಾನೆಯೂ 1948ರಲ್ಲಿ ಟೆಲಿಫೋನಿನ ಕಾರ್ಖಾನೆಯೂ ಸ್ಥಾಪಿತವಾಗಿ ಕಾರ್ಮಿಕರ ಸಂಖ್ಯೆಯು ಬೆಳೆದ ಕಾಲದಲ್ಲಿ, ವಿದ್ಯಾರ್ಥಿಗೂ ಫಿಟ್ಟರಿಗೂ ಕಬ್ಬನ್ ಪಾರ್ಕು ಏಕಕಾಲದಲ್ಲಿ ತೋಟವೂ ಆಯಿತು, ಅಡ್ಡದಾರಿಯೂ ಆಯಿತು. ದೀಪವಿಲ್ಲದ ಸೈಕಲ್ಲಿಗೂ ಡಬಲ್ ರೈಡಿಗೂ ಪೋಲೀಸಿನವರ ಕಾಟವಿದ್ದಿತು. ಅದನ್ನು ತಪ್ಪಿಸಿಕೊಳ್ಳಲು ಬಿದಿರುಮೆಳೆಗಳ ಮರೆಯೂ ಒದಗಿತು.

ಅನಂತರ ಮೋಟಾರುಗಳು ಹೆಚ್ಚಿದಾಗ, ಸಾರೋಟಿಗಾಗಿ ತೆರೆದಿದ್ದ ದಾರಿಗಳು ಅವುಗಳಿಗೂ ತಾವಾಗಿಯೇ ತೆರೆದುಕೊಂಡವು. ಲಾಲ್‌ಬಾಗನ್ನು ಅದರ ಗೋಡೆ ಕಾಪಾಡಿತು. ಆದರೆ ಗೋಡೆಯ ಹೊರಗಿನ ರಸ್ತೆಯನ್ನು ದಾಟುವುದು ವೃದ್ಧರಿಗೂ ಮಕ್ಕಳಿಗೂ ಸಾಹಸವಾಗಿ ಪರಿಣಮಿಸಿತು. 1975ರ ಸರಕಾರೀ ಉದ್ಯಾನಗಳ ಸಂರಕ್ಷಣಾ ಶಾಸನವು ನೆಲವನ್ನು ಕಾಯಲು ಹೊರಟಿತೇ ಹೊರತು ನೆಲಕ್ಕೆ ಬರುವ ಹಾದಿಯನ್ನಲ್ಲ. 2009ರ ಸುಮಾರಿಗೆ ಮೆಟ್ರೋ ಮಾರ್ಗಕ್ಕಾಗಿ ಲಾಲ್‌ಬಾಗಿನ ಪಶ್ಚಿಮದ ಅಂಚನ್ನೇ ಕತ್ತರಿಸಿದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಅಂದು ಅಂಚನ್ನು ನುಂಗಿದ ಆ ರೈಲೇ 2017ರಿಂದ ಬಸ್ಸು ಕಾರುಗಳ ಹಂಗಿಲ್ಲದೆ ಜನರನ್ನು ತೋಟದ ಬಳಿ ಇಳಿಸುತ್ತಿದೆಯೆಂಬುದನ್ನು, ಕಡಿದ ಮರಗಳ ವ್ಯಥೆಯನ್ನು ಮರೆಯದೆಯೇ, ಒಪ್ಪಿಕೊಳ್ಳಬೇಕಾಗಿದೆ.

2020ರ ಲಾಕ್‌ಡೌನಿನ ಸಮಯದಲ್ಲಿ ಕಬ್ಬನ್ ಪಾರ್ಕಿನ ಒಳದಾರಿಗಳು ಕೆಲವು ತಿಂಗಳು ಮೋಟಾರುಗಳಿಲ್ಲದೆ ಉಳಿದವು. ನಡೆಯುವವರೂ ಸೈಕಲ್ಲಿನವರೂ ಹಾಗೆಯೇ ಇರಲೆಂದು ಬೇಡಿದರೂ ಅವು ವಾಹನಗಳಿಗೆ ಮತ್ತೆ ತೆರೆಯಲ್ಪಟ್ಟವು. ವಾಹನಗಳ ಓಡಾಟದಿಂದ ಭಾನುವಾರಕ್ಕೆ ಕೊಟ್ಟಿರುವ ವಿನಾಯಿತಿಯನ್ನು ವಾರದ ಉಳಿದ ದಿನಗಳಿಗೂ ವಿಸ್ತರಿಸಬೇಕು. ಸ್ಯಾಂಕಿಯು ಆ ದಾರಿಗಳನ್ನು ಹಾಕಿಸಿದುದು ನಿಧಾನವಾಗಿ ಸುತ್ತಾಡುವವರಿಗೆ. ನಗರವನ್ನು ಅವಸರದಿಂದ ಸೀಳಿ ಹೋಗುವವರಿಗೆ ಅವುಗಳ ಮೇಲೆ ಯಾವ ಹಕ್ಕೂ ಇಲ್ಲ.