ಗ್ರೈಪ್ ವಾಟರ್ ಪುರಾಣ

ಮಗು ಅಳೋಕೆ ಶುರು ಮಾಡಿದ್ರೆ ನಮ್ಮ ಮನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ವೈದ್ಯ. ಅಜ್ಜಿ ಬಜೆ ತೇಯ್ದು ನೆಕ್ಕಿಸು ಅಂತಾರೆ, ದೊಡ್ಡಮ್ಮ ದೃಷ್ಟಿ ತೆಗಿ ಅಂತಾರೆ, ಕೊನೆಗೆ ಯಾರೋ ಒಬ್ಬರು "ಒಂದು ಚಮಚ ಗ್ರೈಪ್ ವಾಟರ್ ಹಾಕ್ರೇ" ಅಂತಾರೆ. ಹೀಗೆ ಶೀಶೆಯಿಂದ ಅಳು ನಿಲ್ಲಿಸೋ ಪದ್ಧತಿಗೆ ದೊಡ್ಡ ಚರಿತ್ರೆಯೇ ಇದೆ. ಅಷ್ಟೇನೂ ಸಿಹಿಯಾದದ್ದಲ್ಲ.

18-19ನೇ ಶತಮಾನದ ಇಂಗ್ಲೆಂಡಿನಲ್ಲಿ ಅಳುವ ಕೂಸಿಗೆ 'ಗಾಡ್‌ಫ್ರೀಸ್ ಕಾರ್ಡಿಯಲ್' ಕುಡಿಸ್ತಿದ್ರು. ಏನದು ಅಂದ್ರೆ, ಸಿಹಿ ಪಾಕದಲ್ಲಿ ಕದಡಿದ ಅಫೀಮು! ತಾಯಿ ಗಿರಣಿಗೆ ಹೋಗಬೇಕು, ಕೂಸು ನೋಡಿಕೊಳ್ಳೋ ಮುದುಕಿ ಕೈಯಲ್ಲಿ ಆಗಲೇ ಬೇರೆಯವರ ಕೂಸುಗಳು. ಮಲಗಿದ್ರೆ ಸಾಕು. ಹಸಿವೂ ಗೊತ್ತಾಗದಂತೆ ಮಲಗಿ, ಸೊರಗಿ ಎಷ್ಟೋ ಮಕ್ಕಳು ಏಳಲೇ ಇಲ್ಲ. ಅಮೆರಿಕದಲ್ಲಿ 1849ರಲ್ಲಿ ಬಂದ 'ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್'ನಲ್ಲಿ ಇದ್ದದ್ದು ಮಾರ್ಫಿನ್. 1906ರ ಕಾನೂನು ಬಂದ ಮೇಲಷ್ಟೇ ಅದನ್ನು ಲೇಬಲ್ ಮೇಲೆ ಅಚ್ಚು ಹಾಕಬೇಕಾಯ್ತು.

ದೂರದ ಕಥೆ ಅಂದ್ಕೋಬೇಡಿ. 1920ರ ದಶಕದ ಮುಂಬೈಯಲ್ಲೂ ಬಟ್ಟೆ ಗಿರಣಿ ಹೆಂಗಸರು 'ಬಾಲಗೋಳಿ' ಅನ್ನೋ ಅಫೀಮು ಗುಳಿಗೆ ತಿನ್ನಿಸಿ ಕೆಲಸಕ್ಕೆ ಹೋಗ್ತಿದ್ರು. ಅವರನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ. ಮಗು ಎತ್ತಿಕೊಂಡು ಕೂತ್ರೆ ಆ ದಿನದ ಕೂಲಿ ಹೋಯ್ತು.

ಇವುಗಳ ಮುಂದೆ ನಮ್ಮ ಗ್ರೈಪ್ ವಾಟರ್ ಸಾಧು ಪ್ರಾಣಿ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ್ದು. ಸಬ್ಬಸಿಗೆ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ನೀರು... ಜೊತೆಗೆ 3.6% ಆಲ್ಕೋಹಾಲ್! (ಮಾಮೂಲಿ ಬಿಯರಿನಲ್ಲಿ ಇರೋದೇ ಸುಮಾರು 5%.) ಬ್ರಿಟನ್ನಿನಲ್ಲಿ ಆಲ್ಕೋಹಾಲ್ ತೆಗೆದದ್ದು 1990ರ ದಶಕದಲ್ಲಿ.

ಹಾಗಾದ್ರೆ ಎಲ್ಲರೂ ಇದನ್ನೆಲ್ಲ ಯಾಕೆ ನಂಬಿದ್ರು? 1962ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರ್ ಬ್ರೇಜಲ್ಟನ್ 80 ತಾಯಂದಿರಿಂದ ಮಗುವಿನ ಅಳುವಿನ ಲೆಕ್ಕ ಬರೆಸಿದರು. ಆರನೇ ವಾರದ ಹೊತ್ತಿಗೆ ಅಳು ತುತ್ತತುದಿಗೆ ಹೋಗಿ, ಆಮೇಲೆ ತಾನಾಗೇ ಇಳಿಯುತ್ತೆ. ಅಂದ್ರೆ ಆ ಸಮಯದಲ್ಲಿ ಯಾವ ಶೀಶೆ ಕೈಲಿದ್ದರೂ ಅದಕ್ಕೇ ಹೆಸರು. ತಾನಾಗೇ ಮಾಯವಾದ ಬಗ್‌ಗೆ ಕೊನೆಗೆ ಕೋಡ್ ಮುಟ್ಟಿದವನಿಗೆ ಶಹಬ್ಬಾಸ್ ಸಿಗುತ್ತಲ್ಲ, ಹಾಗೆ.

1986ರಲ್ಲಿ ಕೆನಡಾದ ಹನ್‌ಜಿಕರ್ ಮತ್ತು ಬಾರ್ ಇನ್ನೊಂದು ಪ್ರಯೋಗ ಮಾಡಿದರು. ಅರ್ಧದಷ್ಟು ತಾಯಂದಿರಿಗೆ, ಅಳಲಿ ಬಿಡಲಿ, ಮಗುವನ್ನು ದಿನವೂ ಹೆಚ್ಚು ಹೊತ್ತು ಎತ್ತಿಕೊಂಡಿರಿ ಅಂದ್ರು. ಆರನೇ ವಾರಕ್ಕೆ ಆ ಮಕ್ಕಳ ಅಳು ಉಳಿದವರಿಗಿಂತ 43% ಕಡಿಮೆ. ಕೈ ಚಟ ಹಚ್ಚಬೇಡಿ ಅನ್ನೋ ಹಿರಿಯರಿಗೆ ಇದನ್ನು ಹೇಳಿ ನೋಡಿ!

ನಿಮ್ಮ ಊರ ಕಡೆ ಬಜೆ ಬಿಟ್ಟು ಇನ್ನೇನು ಕೊಡ್ತಿದ್ರು, ತಿಳಿಸಿ.