ಮರಿಯಾಳ ಮದುವೆಯಿಂದ ಬಡ್ಕಿಯ ಮದುವೆಯವರೆಗೆ

ಪೆರು ದೇಶದ ರಾಜಧಾನಿ ಲಿಮಾದಲ್ಲಿ ಒಂದು ಮದುವೆ. ಚರ್ಚಿನ ಹೊರಗೆ ಸುಮಾರು 10,000 ಜನ ಸೇರಿದ್ದರು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕೈಯಲ್ಲಿ ಉಡುಗೊರೆ ಹಿಡಿದು ಬಂದವರೂ ಅವರಲ್ಲಿದ್ದರು. ವಧು ಮರಿಯಾ, ಮನೆಗೆಲಸ ಮಾಡಿಕೊಂಡು ಮೇಲೆ ಬಂದವಳು. ವರ ಎಸ್ಟೆಬಾನ್, ಆಕೆಗೆ ಅಕ್ಷರ ಕಲಿಸಿದ ಮೇಷ್ಟ್ರು. ಇಷ್ಟು ಜನರಲ್ಲಿ ಒಬ್ಬರಿಗೂ ಆಮಂತ್ರಣ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಮರಿಯಾ ಎಂಬ ಹೆಣ್ಣೂ ಇರಲಿಲ್ಲ, ಎಸ್ಟೆಬಾನ್ ಎಂಬ ಮೇಷ್ಟ್ರೂ ಇರಲಿಲ್ಲ. ಅದು ‘ಸಿಂಪ್ಲೆಮೆಂತೆ ಮರಿಯಾ’ ಎಂಬ ಟೆಲಿವಿಷನ್ ಧಾರಾವಾಹಿಯ ಚಿತ್ರೀಕರಣ.

ಪೆರುವಿನಲ್ಲಿ 1969ರಿಂದ 1971ರವರೆಗೆ ನಡೆದ ಈ ಧಾರಾವಾಹಿಯನ್ನು ನೆನೆದು ಇಂದು ನಗಬಹುದು. ಕಟ್ಟುಕಥೆಯ ಮದುವೆಗೆ ಉಡುಗೊರೆ ತರುವವರನ್ನು ಮುಗ್ಧರೆಂದು ಕರೆಯಬಹುದು. ಆದರೆ ಆ ಜನ ಯಾವ ಕಾರಣಕ್ಕೆ ಅಲ್ಲಿಗೆ ಬಂದರು ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ ಅದು ನಮ್ಮನ್ನು ಲಿಮಾದಿಂದ ಮೆಕ್ಸಿಕೋಗೆ, ಅಲ್ಲಿಂದ ದೆಹಲಿಗೆ, ಕೊನೆಗೆ ನಮ್ಮ ಮನೆಯ ನಡುಮನೆಗೇ ತಂದು ನಿಲ್ಲಿಸುತ್ತದೆ.

ಮರಿಯಾಳ ಕಥೆ ಸರಳವಾದದ್ದು. ಮೂಲದಲ್ಲಿ ಇದನ್ನು ಬರೆದವರು ಅರ್ಜೆಂಟೀನಾದ ಲೇಖಕಿ ಸೆಲಿಯಾ ಅಲ್ಕಾಂತಾರಾ. ಹಳ್ಳಿಯ ಹುಡುಗಿ ಮರಿಯಾ ಪಟ್ಟಣಕ್ಕೆ ಮನೆಗೆಲಸಕ್ಕೆ ಬರುತ್ತಾಳೆ. ಸಿರಿವಂತರ ಮನೆಯ ವಿದ್ಯಾರ್ಥಿಯೊಬ್ಬ ಆಕೆಯನ್ನು ಪ್ರೀತಿಸಿದಂತೆ ಮಾಡಿ, ಗರ್ಭಿಣಿಯಾದಾಗ ಕೈಬಿಡುತ್ತಾನೆ. ಮಗುವನ್ನು ಕಟ್ಟಿಕೊಂಡು ದುಡಿಯುವ ಮರಿಯಾ ಸಂಜೆಯ ಅಕ್ಷರ ತರಗತಿಗೆ ಹೋಗುತ್ತಾಳೆ, ಹೊಲಿಗೆ ಕಲಿಯುತ್ತಾಳೆ, ಕ್ರಮೇಣ ಹೆಸರಾಂತ ವಸ್ತ್ರವಿನ್ಯಾಸಕಿಯಾಗುತ್ತಾಳೆ. ಪಾಠ ಹೇಳಿದ ಎಸ್ಟೆಬಾನ್ ಬಹುಕಾಲ ಆಕೆಗಾಗಿ ಕಾಯುತ್ತಾನೆ.

ಇಲ್ಲಿ ಎರಡು ಪ್ರೇಮಗಳಿವೆ. ಮೊದಲನೆಯದು ಮರಿಯಾಳಿಗೆ ಏನೂ ತಿಳಿಯದಿದ್ದಾಗ ಬಂದದ್ದು, ಎರಡನೆಯದು ತಾನು ಯಾರೆಂದು ಆಕೆ ಅರಿತ ಮೇಲೆ ಒದಗಿದ್ದು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರವೇ ಆಕೆ ಬೆಳೆದ ಎತ್ತರ. ಓದು ಕಲಿತದ್ದು, ಹೊಲಿಗೆ ಕಲಿತದ್ದು, ದುಡ್ಡು ಸಂಪಾದಿಸಿದ್ದು ಎಲ್ಲವೂ ಕಥೆಯಲ್ಲಿ ಇವೆ. ಆದರೆ ಆಕೆ ಬದಲಾಗಿದ್ದಾಳೆ ಎಂಬುದು ನೋಡುವವರಿಗೆ ಖಚಿತವಾದದ್ದು ಆಕೆ ಎಂಥವನನ್ನು ಒಪ್ಪಿದಳು ಎಂಬುದರಿಂದ. ಆ ಕಾಲದಲ್ಲಿ ಪೆರುವಿನಲ್ಲಿ ಮನೆಗೆಲಸದ ಹೆಣ್ಣುಮಕ್ಕಳು ಅಕ್ಷರ ತರಗತಿಗಳಿಗೂ ಹೊಲಿಗೆ ತರಗತಿಗಳಿಗೂ ಸೇರತೊಡಗಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಧಾರಾವಾಹಿ ಪ್ರಸಾರವಾದ ಕಡೆಗಳಲ್ಲಿ ಸಿಂಗರ್ ಹೊಲಿಗೆ ಯಂತ್ರಗಳಿಗೆ ಬೇಡಿಕೆ ಏರಿತು. ಚರ್ಚಿನ ಮುಂದೆ ನಿಂತವರು ತಮ್ಮ ಬದುಕಿನಲ್ಲೂ ನಡೆಯಬಹುದಾದ ಒಂದು ಮದುವೆಗೆ ಸಾಕ್ಷಿಯಾಗಲು ಬಂದಿದ್ದರು ಎನ್ನಬೇಕು.

ಇದನ್ನು ದೂರದಿಂದ ಗಮನಿಸಿದವರು ಮೆಕ್ಸಿಕೋದ ನಾಟಕಕಾರ, ನಿರ್ದೇಶಕ ಮಿಗೆಲ್ ಸಬಿಡೊ. ಪೆರುವಿನಲ್ಲಿ ತಾನೇ ತಾನಾಗಿ ಆದದ್ದನ್ನು ಉದ್ದೇಶಪೂರ್ವಕವಾಗಿ ಮಾಡಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. 1975-76ರಲ್ಲಿ ವಯಸ್ಕರ ಶಿಕ್ಷಣವನ್ನು ಕುರಿತು ‘ವೆನ್ ಕೊನ್ಮೀಗೊ’ ಎಂಬ ಧಾರಾವಾಹಿಯನ್ನೂ, 1977-78ರಲ್ಲಿ ಕುಟುಂಬ ಯೋಜನೆಯನ್ನು ಕುರಿತು ‘ಅಕೊಂಪಾನ್ಯಮೆ’ ಎಂಬುದನ್ನೂ ಅವರು ರೂಪಿಸಿದರು. ಅವರ ಸೂತ್ರದಲ್ಲಿ ಪಾತ್ರಗಳು ಮೂರು ಬಗೆ. ಒಳ್ಳೆಯ ದಾರಿಯಲ್ಲಿ ನಡೆಯುವವರು, ಕೆಟ್ಟ ದಾರಿ ಹಿಡಿದವರು, ಮತ್ತು ಇವರಿಬ್ಬರ ನಡುವೆ ತೂಗುಯ್ಯಾಲೆಯಲ್ಲಿರುವವರು. ಈ ಮೂರನೆಯವರೇ ಮುಖ್ಯ. ಏಕೆಂದರೆ ನೋಡುವವರಲ್ಲಿ ಬಹುಪಾಲು ಜನ ಆ ಗುಂಪಿಗೇ ಸೇರಿದವರು. ಅವರು ತಪ್ಪುತ್ತಾರೆ, ಅನುಮಾನಿಸುತ್ತಾರೆ, ನಿಧಾನವಾಗಿ ಬದಲಾಗುತ್ತಾರೆ.

ಸಬಿಡೊ ಅವರ ಪ್ರಯೋಗದ ಸುದ್ದಿ ಭಾರತಕ್ಕೆ ಬಂದದ್ದು 1980ರ ದಶಕದ ಮೊದಲಲ್ಲಿ. ಆಗ ಕೇಂದ್ರ ವಾರ್ತಾ ಮತ್ತು ಪ್ರಸಾರ ಇಲಾಖೆಯ ಕಾರ್ಯದರ್ಶಿಯಾಗಿದ್ದ ಎಸ್.ಎಸ್. ಗಿಲ್ ಮೆಕ್ಸಿಕೋಗೆ ಹೋಗಿ ನೋಡಿ ಬಂದರು. ಅದರ ಫಲವೇ 1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’. ಬರೆದವರು ಹಿಂದಿಯ ಖ್ಯಾತ ಲೇಖಕ ಮನೋಹರ ಶ್ಯಾಮ್ ಜೋಶಿ, ನಿರ್ದೇಶಿಸಿದವರು ಪಿ. ಕುಮಾರ್ ವಾಸುದೇವ್. 1985ರ ಡಿಸೆಂಬರ್‌ವರೆಗೆ 150ಕ್ಕೂ ಹೆಚ್ಚು ಕಂತುಗಳಲ್ಲಿ ಅದು ನಡೆಯಿತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ತೆರೆಗೆ ಬಂದು ಮನೆಯ ಹಿರಿಯರಂತೆ ನಾಲ್ಕು ಮಾತು ಹೇಳುತ್ತಿದ್ದುದು ಅನೇಕರಿಗೆ ಇನ್ನೂ ನೆನಪಿರಬಹುದು. ಹಿಂದಿ ಬಾರದ ಮನೆಗಳಲ್ಲೂ, ಅಕ್ಕಪಕ್ಕದವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂತು, ಅರ್ಥವಾದವರು ಉಳಿದವರಿಗೆ ಹೇಳುತ್ತಾ ನೋಡಿದ ಕಾಲ ಅದು.

ಆದರೆ ಆರಂಭ ಹಾಗಿರಲಿಲ್ಲ. ಮೊದಲ 13 ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶವೇ ಹೆಚ್ಚಾಗಿ, ಜನ ಬೇಸರಪಟ್ಟರು. ಜೋಶಿ ಕಥೆಯ ದಾರಿಯನ್ನು ಬದಲಿಸಿದರು. ಉಪದೇಶ ಹಿಂದೆ ಸರಿದು ಮನೆಯ ಮಕ್ಕಳ ಆಸೆ, ನಿರಾಸೆ, ಪ್ರೀತಿ, ಮದುವೆಗಳು ಮುಂದೆ ಬಂದವು. ಆಮೇಲೆಯೇ ‘ಹಮ್ ಲೋಗ್’ ಮನೆಮಾತಾದದ್ದು. ದೂರದರ್ಶನಕ್ಕೂ ಅಶೋಕ್ ಕುಮಾರ್ ಅವರಿಗೂ ಬಂದ ಪತ್ರಗಳ ಸಂಖ್ಯೆ ಸುಮಾರು ನಾಲ್ಕು ಲಕ್ಷ ಎಂದು ಅಂದಾಜು. ತಾವು ಮೆಚ್ಚಿದವರನ್ನು ಮದುವೆಯಾಗಲು ಅಪ್ಪ ಅಮ್ಮನನ್ನು ಒಪ್ಪಿಸಿಕೊಡಿ ಎಂದು ಅಶೋಕ್ ಕುಮಾರ್ ಅವರನ್ನು ಕೇಳಿಕೊಂಡ ತರುಣ ತರುಣಿಯರೂ ಬರೆದವರಲ್ಲಿದ್ದರು!

ಮನೆಯ ಹಿರಿಮಗಳು ಬಡ್ಕಿಯನ್ನೇ ನೋಡಿ. ತಂದೆ ಬಸೇಸರ್ ರಾಮ್ ಕುಡುಕ, ಕೈಯಲ್ಲಿ ಕಾಸಿಲ್ಲ. ಮೈಬಣ್ಣ, ರೂಪ, ವರದಕ್ಷಿಣೆಗಳ ಸಂತೆಯಲ್ಲಿ ಈ ಹುಡುಗಿಗೆ ಬೆಲೆಯಿಲ್ಲ. ಮನೆಯವರ ದೃಷ್ಟಿಯಲ್ಲಿ ಅವಳು ಇಳಿಸಬೇಕಾದ ಒಂದು ಹೊರೆ. ಇಂಥ ಬಡ್ಕಿ ಸಮಾಜ ಸೇವೆಯ ಕೆಲಸಕ್ಕೆ ಸೇರಿ, ಡಾಕ್ಟರ್ ಅಶ್ವಿನಿ ಕುಮಾರ್‌ನನ್ನು ಪ್ರೀತಿಸಿ ಮದುವೆಯಾದಳು. ಮದುವೆಯ ಕಂತಿನ ದಿನ ಉತ್ತರ ಭಾರತದ ಊರುಗಳಲ್ಲಿ ಸಂಭ್ರಮವೋ ಸಂಭ್ರಮ. ಅದೇ ಮನೆಯ ಎರಡನೆಯ ಮಗಳು ಮಝ್ಲಿ ಸಿನಿಮಾ ತಾರೆಯಾಗುವ ಕನಸು ಹೊತ್ತು ಹೊರಟು ಮೋಸ ಹೋದಳು. ಅಕ್ಕತಂಗಿಯರ ಬಡತನ ಒಂದೇ, ಮನೆ ಒಂದೇ. ಇಬ್ಬರನ್ನೂ ಬೇರೆ ಮಾಡಿ ತೋರಿಸಿದ್ದು ಅವರು ಯಾರನ್ನು ನಂಬಿದರು, ಏಕೆ ನಂಬಿದರು ಎಂಬುದು.

ಇಲ್ಲಿ ಧಾರಾವಾಹಿಯ ಒಂದು ಗುಟ್ಟಿದೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಮದುವೆ ಬಹುಮಟ್ಟಿಗೆ ಕಥೆಯ ಕೊನೆ. ಮಂಗಳಸೂತ್ರ ಕಟ್ಟಿದೊಡನೆ ಶುಭಂ ಎಂಬ ಅಕ್ಷರ ಬರುತ್ತದೆ. ಧಾರಾವಾಹಿಗೆ ಆ ಅವಸರವಿಲ್ಲ. ಅಲ್ಲಿ ಮದುವೆ ನಡುದಾರಿಯ ಒಂದು ನಿಲ್ದಾಣ. ಪ್ರೀತಿಸುವ ಮುಂಚಿನ ಅಂಜಿಕೆ, ಪ್ರೀತಿಸಿದ ಮೇಲಿನ ಗೊಂದಲ, ಮದುವೆಯ ನಂತರದ ಹೊಂದಾಣಿಕೆ ಅಥವಾ ಮುರಿತ ಎಲ್ಲಕ್ಕೂ ತಿಂಗಳುಗಟ್ಟಲೆ ಸಮಯವಿದೆ. ನೋಡುವವರೂ ಅಷ್ಟೇ ಕಾಲ ಪಾತ್ರದ ಜೊತೆ ಬದುಕುತ್ತಾರೆ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿಗಳನ್ನು ಓದಿ, ಮುಂದಿನ ವಾರಕ್ಕಾಗಿ ಕಾದು, ನಾಯಕಿಯ ಬಗ್ಗೆ ಮನೆಯಲ್ಲಿ ಜಗಳವಾಡಿದ ಕನ್ನಡದ ಓದುಗರಿಗೆ ಈ ಅನುಭವ ಹೊಸದೇನಲ್ಲ.

ಇದೇ ಜೋಶಿ ಮುಂದೆ 1986-87ರಲ್ಲಿ ಪ್ರಸಾರವಾದ ‘ಬುನಿಯಾದ್’ ಬರೆದರು. ಮುಖ್ಯ ನಿರ್ದೇಶಕರು ರಮೇಶ್ ಸಿಪ್ಪಿ. ಲಾಹೋರಿನಲ್ಲಿ ಮಾಸ್ಟರ್ ಹವೇಲಿರಾಮ್, ಅವರಿಂದ ಪಾಠ ಹೇಳಿಸಿಕೊಳ್ಳುವ ಲಾಜೋ. ಮರಿಯಾಳ ಕಥೆಯ ಮೇಷ್ಟ್ರು ಪಂಜಾಬಿನಲ್ಲೂ ಕಾಣಿಸಿಕೊಂಡರಲ್ಲ ಎಂದು ಅಚ್ಚರಿಯಾಗುತ್ತದೆ. ಮನೆಯವರ ವಿರೋಧದ ನಡುವೆ ಕೂಡಿದ ಈ ದಂಪತಿಯನ್ನು ದೇಶ ವಿಭಜನೆ ಬೇರ್ಪಡಿಸುತ್ತದೆ. ದೆಹಲಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಮನೆ ಕಟ್ಟುವ ಲಾಜೋ, ಹಿಂದೆ ತಲೆ ತಗ್ಗಿಸಿ ಅಕ್ಷರ ತಿದ್ದಿದ ಹುಡುಗಿಯಲ್ಲ. ಒಂದು ದೇಶದ ಇತಿಹಾಸವನ್ನು ಗಂಡಹೆಂಡಿರ ನಂಟಿನಲ್ಲಿ ಹಿಡಿದಿಟ್ಟ ಕೆಲಸ ಅದು.

ಹಾಗೆಂದು ಎಲ್ಲವೂ ಒಳ್ಳೆಯದೇ ಆಯಿತೆನ್ನಲಾಗದು. ‘ಹಮ್ ಲೋಗ್’ ಪ್ರಭಾವವನ್ನು ಅಧ್ಯಯನ ಮಾಡಿದ ಅರವಿಂದ್ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಒಂದು ಕಿರಿಕಿರಿಯ ಸಂಗತಿಯನ್ನು ಕಂಡರು. ಕುಡುಕ ಗಂಡನ ಕಾಟ ಸಹಿಸುವ ತಾಯಿ ಭಗವಂತಿಯ ಪಾತ್ರವನ್ನು ಹೀಗಿರಬಾರದು ಎಂದು ತೋರಿಸಲೆಂದೇ ರೂಪಿಸಿದ್ದರು. ಆದರೆ ನೋಡುಗರಲ್ಲಿ ಅನೇಕರು, ಹೆಂಗಸರೂ ಸೇರಿದಂತೆ, ಆಕೆಯನ್ನೇ ಆದರ್ಶವೆಂದು ಆರಿಸಿಕೊಂಡರು! ಬರೆದವನ ಮನಸ್ಸಿನಲ್ಲಿ ಎಚ್ಚರಿಕೆಯಾಗಿದ್ದದ್ದು ನೋಡಿದವರ ಮನಸ್ಸಿನಲ್ಲಿ ಪತಿವ್ರತೆಯ ಕಥೆಯಾಗಿತ್ತು. ಪಾತ್ರಕ್ಕೆ ನೋವನ್ನಷ್ಟೇ ಕೊಟ್ಟು ಆಯ್ಕೆಯನ್ನು ಕೊಡದಿದ್ದರೆ, ಜನ ಆ ನೋವನ್ನೇ ಗುಣವೆಂದು ತಿಳಿಯುತ್ತಾರೆ. ಬಡ್ಕಿಗೆ ಆಯ್ಕೆಯಿತ್ತು, ಭಗವಂತಿಗೆ ಇರಲಿಲ್ಲ.

ಆಯ್ಕೆಯ ಈ ಮಾತು ಪ್ರೀತಿ ಮುರಿದಾಗಲೂ ಸಲ್ಲುತ್ತದೆ. 1990ರ ದಶಕದ ಕೊನೆಯಲ್ಲಿ ನೀನಾ ಗುಪ್ತಾ ತಾವೇ ನಿರ್ದೇಶಿಸಿ ನಟಿಸಿದ ‘ಸಾಂಸ್’ನಲ್ಲಿ ಗಂಡ ಇನ್ನೊಬ್ಬಳಲ್ಲಿ ಮನಸ್ಸಿಟ್ಟಾಗ ಪ್ರಿಯಾ ಎಂಬ ಗೃಹಿಣಿಯ ಮುಂದೆ ಏಳುವ ಪ್ರಶ್ನೆ, ಗಂಡನನ್ನು ಮರಳಿ ತರುವುದು ಹೇಗೆ ಎಂಬುದಷ್ಟೇ ಆಗಿರಲಿಲ್ಲ. ಇಷ್ಟು ವರ್ಷ ಹೆಂಡತಿಯಾಗಿದ್ದ ತಾನು ಅದರಾಚೆ ಯಾರು ಎಂಬುದೂ ಆಗಿತ್ತು. ಕನ್ನಡದಲ್ಲಿ 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ದೂರದರ್ಶನಕ್ಕೆ ತಂದ ‘ಮಾಯಾಮೃಗ’ ಜನರನ್ನು ಹಿಡಿದಿಟ್ಟದ್ದೂ ಮಧ್ಯಮ ವರ್ಗದ ಮನೆಯ ಸಂಬಂಧಗಳನ್ನು ಹತ್ತಿರದಿಂದ ನೋಡಿದ್ದರಿಂದಲೇ.

ಅನಂತರ ಬಂದ ಕಾಲ ಬೇರೆ. 2000ದಲ್ಲಿ ಆರಂಭವಾಗಿ 2008ರವರೆಗೆ ನಡೆದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ನಾಯಕ ಮಿಹಿರ್ ಸತ್ತನೆಂದು ತೋರಿಸಿದಾಗ ಜನ ರೊಚ್ಚಿಗೆದ್ದರು. ಅವನನ್ನು ಬದುಕಿಸಿ ತರಬೇಕಾಯಿತು. ಬಂದ ಮಿಹಿರ್ ನೆನಪು ಕಳೆದುಕೊಂಡಿದ್ದ, ಇನ್ನೊಬ್ಬ ಹೆಣ್ಣಿನ ಪ್ರೀತಿಯಲ್ಲಿದ್ದ. ನೆನಪಿಲ್ಲದವನ ಪ್ರೀತಿಗೆ ಹೊಣೆ ಯಾರು? ಇಲ್ಲಿ ಪ್ರೇಮ ಕಥೆಯನ್ನು ಎಳೆಯಲು ಕಟ್ಟಿದ ಎತ್ತು. ಕಥೆ ಮುಂದೆ ಹೋಗುತ್ತದೆ, ಪಾತ್ರ ಇದ್ದಲ್ಲೇ ಇರುತ್ತದೆ. ನಮ್ಮ ಎಷ್ಟೋ ಕನ್ನಡ ಧಾರಾವಾಹಿಗಳಲ್ಲಿ ನಿಂತ ಮದುವೆ, ತಪ್ಪಿದ ತಾಳಿ, ಬದಲಾದ ವಧುಗಳು ಮತ್ತೆ ಮತ್ತೆ ಬರುವುದೂ ಹೀಗೆಯೇ.

ಎರಡಕ್ಕೂ ವ್ಯತ್ಯಾಸ ತಿಳಿಯಲು ಪಂಡಿತರು ಬೇಕಿಲ್ಲ. ಪ್ರೀತಿಸುವ ಮೊದಲು ಈ ಪಾತ್ರ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ನಾವೇ ಕೇಳಿಕೊಂಡರೆ ಸಾಕು. ಉತ್ತರ ಸಿಕ್ಕರೆ ಅದು ಪಾತ್ರ, ಸಿಗದಿದ್ದರೆ ಬರೀ ವೇಷ. ಇದು ಮನರಂಜನೆಯ ವಿಚಾರ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಪ್ರತಿ ಸಂಜೆ ಪೆಟ್ಟಿಗೆಯ ಮುಂದೆ ಅಜ್ಜಿಯ ಪಕ್ಕದಲ್ಲಿ ಕೂರುವ ಹುಡುಗಿಯೂ ಅಲ್ಲಿಂದ ಏನನ್ನೋ ಎತ್ತಿಕೊಳ್ಳುತ್ತಿರುತ್ತಾಳೆ. ಅದು ಭಗವಂತಿಯ ಸಹನೆಯೋ, ಮರಿಯಾಳ ಹೊಲಿಗೆ ಯಂತ್ರವೋ ಎಂಬುದು ಬರೆಯುವವರ ಮೇಲೂ, ಮನೆಯಲ್ಲಿ ಜೊತೆಗೆ ಕೂತು ಮಾತನಾಡುವ ನಮ್ಮ ಮೇಲೂ ನಿಂತಿದೆ.